ಸದ್ಯಕ್ಕೆ ಸೇರಿಸಿದ ನಾಲ್ಕು ಗಂಟೆ

ಹವಾಮಾನ ಕಚೇರಿಯ ಮೂರನೇ ಮಹಡಿಯಲ್ಲಿ ಕೂತು ಮೋಡ ಮಾಡುವ ಹೆಂಗಸೊಬ್ಬಳಿದ್ದಾಳೆ ಎಂದರೆ ನೀವು ನಗಬಹುದು. ಅವಳ ತಮ್ಮನೂ ಮೊದಮೊದಲು ನಗುತ್ತಿದ್ದ. ಆಮೇಲೆ ಅವನೇ ಕಚೇರಿಗೆ ಫೋನ್ ಮಾಡಿದಾಗಲೆಲ್ಲ "ಮೋಡ ಮಾಡ್ತಾರಲ್ಲ, ನಮ್ಮಕ್ಕ, ಇದ್ದಾರಾ?" ಎಂದು ಕೇಳಿ ಕೇಳಿ, ಕಚೇರಿಯವರೆಲ್ಲ ಅವಳನ್ನು ಮೋಡದಕ್ಕ ಎಂದೇ ಕರೆಯತೊಡಗಿದರು. ಅವಳಿಗಿಂತ ಎಂಟು ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಆ ಹೆಸರು ಅವಳಿಗೆ ಒಳಗೊಳಗೇ ಇಷ್ಟ, ಆದರೆ ಬಾಯಿಬಿಟ್ಟು ಹೇಳಿದವಳಲ್ಲ. ಬಾಯಿಬಿಟ್ಟು ಹೇಳದಿರುವುದು ಅವಳ ಹುಟ್ಟುಗುಣ. ಮುಂದೆ ಆದದ್ದಕ್ಕೆ ಅರ್ಧ ಕಾರಣವೂ ಅದೇ.

ಮೋಡ ಮಾಡುವುದೆಂದರೇನು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಚೇರಿಯ ದೊಡ್ಡ ಕಂಪ್ಯೂಟರಿನೊಳಗೆ ಲೆಕ್ಕದ ಆಕಾಶವೊಂದಿದೆ. ಅದಕ್ಕೆ ಎಲ್ಲರೂ ಮಾಡೆಲ್ಲು ಅನ್ನುತ್ತಾರೆ. ನೆಲವನ್ನೂ ಆಕಾಶವನ್ನೂ ಚೌಕ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಇಷ್ಟು ಬಿಸಿ, ಇಷ್ಟು ತೇವ, ಇಷ್ಟು ಗಾಳಿ ಎಂದು ಒಂದೊಂದೇ ಅಂಕಿ ಕೊಟ್ಟು, ಹತ್ತು ಹತ್ತು ನಿಮಿಷದಂತೆ ಲೆಕ್ಕವನ್ನು ಮುಂದಕ್ಕೆ ತಳ್ಳುತ್ತ ಹೋದರೆ ನಾಳೆಯ ಹವೆ ಸಿಗುತ್ತದೆ. ತೊಂದರೆಯೆಂದರೆ ಚೌಕ ತೀರಾ ದೊಡ್ಡದು. ಇಡೀ ಊರು, ಊರ ಹೊರಗಿನ ಗೋಡೌನುಗಳು, ನದಿಯಾಚೆಯ ಬಯಲು, ಎಲ್ಲ ಸೇರಿ ಒಂದೇ ಚೌಕ. ನಲವತ್ತು ಮನೆಯ ಬೀದಿಗೆ ಉಪ್ಪಿನ ಅಳತೆ ಒಂದನ್ನೇ ಹೇಳಿ ಅಡುಗೆ ಮಾಡಿಕೊಳ್ಳಿ ಅಂದಂತೆ. ಮೋಡ ಅಷ್ಟು ದೊಡ್ಡದಾಗಿರುವುದಿಲ್ಲ. ಬಿಸಿಗಾಳಿ ಏಳುವುದು ಒಂದು ಆಟದ ಮೈದಾನದಷ್ಟಗಲದಲ್ಲಿ, ಒಂದು ತಗಡಿನ ಚಾವಣಿಯ ಮೇಲೆ. ಎದ್ದದ್ದು ನೆಟ್ಟಗೆ ಹೋಗುವುದೂ ಇಲ್ಲ. ಸುಳಿ ಸುತ್ತುತ್ತ ಅಕ್ಕಪಕ್ಕದ ಒಣಗಾಳಿಯನ್ನು ಎಳೆದುಕೊಂಡು, ಸೊರಗಿ, ಅರ್ಧ ದಾರಿಯಲ್ಲೇ ಮಾಯವಾಗುವುದೇ ಹೆಚ್ಚು. ಇದ್ಯಾವುದೂ ಚೌಕದ ಕಣ್ಣಿಗೆ ಬೀಳದು. ಕಾಣದ್ದನ್ನು ಕೈಬಿಡೋಣವೆಂದರೆ ಲೆಕ್ಕದ ಆಕಾಶದಲ್ಲಿ ಮಳೆಯೇ ಸರಿಯಾಗಿ ಆಗುವುದಿಲ್ಲ. ಆದ್ದರಿಂದ ಕಾಣದ ಆ ಮೋಡಗಳ ಪರವಾಗಿ ಯಾರಾದರೊಬ್ಬರು ಅಂದಾಜು ಕಟ್ಟಬೇಕು: ಇಷ್ಟು ಬಿಸಿ, ಇಷ್ಟು ತೇವ ಇದ್ದರೆ ಈ ಚೌಕದಲ್ಲಿ ಎಲ್ಲೋ ಒಂದಷ್ಟು ಮೋಡ ಎದ್ದಿರುತ್ತದೆ, ಇಷ್ಟು ಮಳೆ ಬಿದ್ದಿರುತ್ತದೆ ಎಂದು. ಮೋಡದಕ್ಕ ಇಪ್ಪತ್ತಾರು ವರ್ಷದಿಂದ ಮಾಡುತ್ತ ಬಂದದ್ದು ಈ ಅಂದಾಜಿನ ಕೆಲಸ.

ಅದನ್ನು ಅವಳಿಗೆ ಕಲಿಸಿದವರು ಆಗಿನ ದೊಡ್ಡ ಸಾಹೇಬರು. ಅವರು ಬರೆದಿಟ್ಟ ಲೆಕ್ಕದ ನಡುವೆ ಒಂದು ಅಂಕಿಯಿತ್ತು. ಏಳುವ ಮೋಡ ಪಕ್ಕದ ಒಣಗಾಳಿಯನ್ನು ಎಷ್ಟು ಬೆರೆಸಿಕೊಳ್ಳುತ್ತದೆ ಎಂದು ಹೇಳುವ ಅಂಕಿ. ಅದರ ಪಕ್ಕದಲ್ಲಿ, ಮುಂದೆ ಓದುವವರಿಗೆ ತಿಳಿಯಲೆಂದು, ಒಂದೇ ಒಂದು ಪದವನ್ನು ಅವರು ಬರೆದಿದ್ದರು: ಸದ್ಯಕ್ಕೆ.

"ಇದು ಎಲ್ಲಿಂದ ಬಂತು ಸಾರ್, ಈ ಅಂಕಿ?" ಎಂದು ಅವಳು ಸೇರಿದ ಹೊಸದರಲ್ಲಿ ಕೇಳಿದ್ದಳು.

"ಎಲ್ಲಿಂದಲೂ ಬರಲಿಲ್ಲಮ್ಮ. ನಾಲ್ಕಾರು ಹಾಕಿ ನೋಡಿದೆ, ಇದಕ್ಕೆ ಮಾಡೆಲ್ಲು ಕಡಿಮೆ ಗಲಾಟೆ ಮಾಡ್ತು. ಸದ್ಯಕ್ಕೆ ಇರಲಿ. ಮುಂದೆ ಒಳ್ಳೇದು ಸಿಕ್ಕರೆ ಬದಲಾಯಿಸೋಣ."

ಸಾಹೇಬರು ನಿವೃತ್ತರಾದರು, ತೀರಿಯೂ ಹೋದರು. ಕಂಪ್ಯೂಟರು ನಾಲ್ಕು ಸಲ ಬದಲಾಯಿತು, ಕಟ್ಟಡಕ್ಕೆ ಎರಡು ಸಲ ಸುಣ್ಣಬಣ್ಣವಾಯಿತು. ಆ ಅಂಕಿ ಮಾತ್ರ ಜಗ್ಗಲಿಲ್ಲ.

ಹಾಗೆ ನೋಡಿದರೆ ಅವಳ ಬದುಕಿನಲ್ಲೂ ಆ ಪದ ಗಟ್ಟಿಯಾಗಿ ಕೂತುಬಿಟ್ಟಿತ್ತು. ತಾಯಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ತಮ್ಮನಿಗೆ ಏಳು. ತಂದೆ ಅದಕ್ಕೂ ಮೊದಲೇ ಹೋಗಿದ್ದರು. ಮದುವೆಯ ಮಾತು ಬಂದಾಗಲೆಲ್ಲ "ಸದ್ಯಕ್ಕೆ ಬೇಡ, ಇವನು ಒಂದು ದಡ ಸೇರಲಿ" ಅನ್ನುತ್ತಿದ್ದಳು. ಇವನು ದಡ ಸೇರಿದ, ಮದುವೆಯಾದ. ಆಗ ಬೇರೆ ಮನೆ ಹುಡುಕುತ್ತೇನೆಂದು ಹೊರಟವಳನ್ನು ತಮ್ಮನ ಹೆಂಡತಿ "ಸದ್ಯಕ್ಕೆ ಇಲ್ಲೇ ಇರಿ ಅತ್ತಿಗೆ, ಮಹಡಿ ಕೋಣೆ ಖಾಲಿನೇ ಇದೆಯಲ್ಲ" ಎಂದು ತಡೆದಳು. ಅದಾಗಿ ಹನ್ನೆರಡು ವರ್ಷ. ಇದರಲ್ಲಿ ಅವಳಿಗೆ ದುಃಖವೇನೂ ಇರಲಿಲ್ಲ, ಸುಳ್ಳು ಹೇಳಬಾರದು. ಬೆಳಗ್ಗೆ ತಮ್ಮನ ಜೊತೆ ಕಾಫಿ, ಸಂಜೆ ಅವನ ಹರಟೆ, ನಡುವೆ ಮೋಡ. ಅವಳಿಗೆ ಅಷ್ಟು ಸಾಕಿತ್ತು.

ಸಾಲದೆ ಇದ್ದದ್ದು ಒಂದೇ. ಅವಳ ಲೆಕ್ಕದಲ್ಲಿ ಮಳೆ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಿತ್ತು.

ಬೇಸಿಗೆಯ ಕೊನೆಯಲ್ಲಿ ಆ ಊರಿಗೆ ಬರುವ ಗುಡುಗುಮಳೆ ಸಂಜೆಯದು. ನಾಲ್ಕಕ್ಕೋ ನಾಲ್ಕೂವರೆಗೋ ಬರುತ್ತದೆ. ಶಾಲೆ ಬಿಡುವ ಹೊತ್ತು. ಅದು ಎಲ್ಲರಿಗೂ ಗೊತ್ತು, ಮಾಡೆಲ್ಲಿಗೆ ಮಾತ್ರ ಗೊತ್ತಿಲ್ಲ. ನೆಲ ಸ್ವಲ್ಪ ಕಾದರೆ ಸಾಕು, ಅದರ ಮೋಡ ಅವಸರಕ್ಕೆ ಬಿದ್ದು ಆಕಾಶಕ್ಕೆ ಹಾರಿ, ಸೂರ್ಯ ನೆತ್ತಿಯ ಮೇಲಿರುವಾಗಲೇ ಮಳೆ ಸುರಿಸಿ ಕೈ ತೊಳೆದುಕೊಳ್ಳುತ್ತಿತ್ತು. ಸಾಹೇಬರ ಅಂಕಿಯನ್ನು ಹೆಚ್ಚು ಮಾಡಿ ನೋಡಿದಳು. ಮಳೆ ಊರನ್ನೇ ಬಿಟ್ಟು ಸಮುದ್ರದ ಮೇಲೆ ಹೋಗಿ ಬಿತ್ತು. ಕಡಿಮೆ ಮಾಡಿದಳು, ಬೆಳಗ್ಗೆ ಹತ್ತಕ್ಕೇ ಶುರುವಾಯಿತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಈ ಹನ್ನೆರಡು ಗಂಟೆಯ ಮಳೆಯನ್ನು ಇಡೀ ಕಚೇರಿಯ ನಗೆಪಾಟಲಿಗೆ ಈಡು ಮಾಡಿದವರು ಕೆಳಗಿನ ಮಹಡಿಯ ಮೇಷ್ಟ್ರು. ಮಾಡೆಲ್ಲು ಕೊಟ್ಟದ್ದನ್ನು ನೋಡಿ, ಜನಕ್ಕೆ ಅರ್ಥವಾಗುವ ಮಾತಿನಲ್ಲಿ ಬೆಳಗ್ಗೆ ಆರು ಗಂಟೆಗೆ ಮುನ್ಸೂಚನೆ ಹೊರಡಿಸುವುದು ಅವರ ಕೆಲಸ. ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳಿದವರು, ಆ ಗತ್ತು ಹೋಗಿರಲಿಲ್ಲ. ಮಾಡೆಲ್ಲಿನ ನಕ್ಷೆಯನ್ನು ಉತ್ತರಪತ್ರಿಕೆಯ ಹಾಗೆ ಮುಂದಿಟ್ಟುಕೊಂಡು, ಹನ್ನೆರಡನ್ನು ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದು, ನಾಲ್ಕು ಎಂದು ಬರೆಯುತ್ತಿದ್ದರು. ಮೆಟ್ಟಿಲ ಹತ್ತಿರ ಅವಳು ಎದುರಾದರೆ ಗಡಿಯಾರ ನೋಡಿ, "ಏನ್ ಮೋಡದಕ್ಕ, ಹನ್ನೆರಡು ಹೊಡೀತು, ಛತ್ರಿ ತಂದಿಲ್ವಾ?" ಅನ್ನುವರು. ಸುತ್ತ ಇದ್ದವರು ನಗುವರು. ಅವಳೂ ನಗುವಳು. ನಕ್ಕು ಮೇಲೆ ಹೋಗಿ ಒಂದು ಗಂಟೆ ಏನೂ ಓದಲಾಗದೆ ಕೂರುವಳು.

ಹದಿಮೂರು ವರ್ಷದ ಹಿಂದೆ, ದಿನಾ ಪೆನ್ಸಿಲ್ ಹಿಡಿಯಲು ಬೇಜಾರಾಗಿ, ಮೇಷ್ಟ್ರು ಆ ತಿದ್ದುಪಡಿಯನ್ನು ಕಂಪ್ಯೂಟರಿಗೇ ಹೇಳಿಕೊಟ್ಟುಬಿಟ್ಟರು. ಗುಡುಗುಮಳೆಯ ಹೊತ್ತಿಗೆ ನಾಲ್ಕು ಗಂಟೆ ಸೇರಿಸಿ ಮುಂದೆ ಕಳಿಸು ಎಂದು. ಅಂದಿನಿಂದ ಮೋಡದಕ್ಕ ಕೆಳಗಿನ ಮಹಡಿಯಿಂದ ಹೊರಡುವ ಮುನ್ಸೂಚನೆಯನ್ನು ಓದುವುದನ್ನೇ ಬಿಟ್ಟಳು. ಓದಿದರೆ ತನ್ನ ತಪ್ಪನ್ನು ಬೇರೆಯವರ ಅಕ್ಷರದಲ್ಲಿ ಓದಿದಂತಾಗುತ್ತಿತ್ತು. ಕೆಲಸದ ಮಾತಿದ್ದರೆ ಚೀಟಿ ಕಳಿಸುತ್ತಿದ್ದಳು. ಒಂದೇ ಕಟ್ಟಡದಲ್ಲಿದ್ದು ಇಬ್ಬರೂ ಎರಡು ಊರಿನವರ ಹಾಗಾದರು.

ಇನ್ನು ಅವಳ ತಮ್ಮ. ಅವನಿಗೆ ಓದು ತಲೆಗೆ ಹತ್ತಲಿಲ್ಲ, ಎತ್ತರ ಹತ್ತಿತು. ಟವರ್ ಕ್ರೇನ್ ನಡೆಸುತ್ತಾನೆ. ಇಪ್ಪತ್ತೆರಡು ಅಂತಸ್ತಿನ ಎತ್ತರದಲ್ಲಿ ಗಾಜಿನ ಪೆಟ್ಟಿಗೆಯಂಥ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತು, ಕೆಳಗಿನವರು ಹೇಳಿದ್ದನ್ನು ಎತ್ತಿ, ಹೇಳಿದಲ್ಲಿ ಇಡುವ ಕೆಲಸ. ಎರಡು ವರ್ಷದಿಂದ ಅವನ ಕ್ರೇನು ಕಚೇರಿಗೆ ಒಂದು ಮೈಲಿ ದೂರದ ಹೊಸ ಆಸ್ಪತ್ರೆಯ ಕಟ್ಟಡದಲ್ಲಿತ್ತು. ಮೂರನೇ ಮಹಡಿಯ ಕಿಟಕಿಯಿಂದ ಅದರ ಹಳದಿ ತೋಳು ಕಾಣುತ್ತಿತ್ತು. ಲೆಕ್ಕ ತಲೆ ತಿಂದಾಗಲೆಲ್ಲ ಅವಳು ಎದ್ದು ಹೋಗಿ ಅದನ್ನು ನೋಡಿ ಬರುತ್ತಿದ್ದಳು. ಅದು ಮೆಲ್ಲಗೆ ತಿರುಗುತ್ತಿದ್ದರೆ ತಮ್ಮ ಕೆಲಸದಲ್ಲಿದ್ದಾನೆ ಎಂದು ಅರ್ಥ.

ಅವನ ಕೆಲಸದ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಊಟಕ್ಕೆ ಕೂತಾಗ ತಾನೇ ದೊಡ್ಡ ಗುರುವೆಂಬಂತೆ ಹೇಳುತ್ತಿದ್ದ.

"ವಾಕಿಟಾಕಿಯಲ್ಲಿ ಕೆಳಗಿನವನು 'ಎಡಕ್ಕೆ ಎರಡು ಮೀಟರ್' ಅಂತಾನೆ ಅಂತಿಟ್ಕೋ ಅಕ್ಕ. ನಾನು ತಕ್ಷಣ ತಿರುಗಿಸಲ್ಲ. 'ಎಡಕ್ಕೆ ಎರಡು ಮೀಟರ್' ಅಂತ ನಾನೂ ಒಂದ್ಸಲ ಹೇಳ್ಬೇಕು. ನಾನು ತಿರುಗಿ ಹೇಳೋವರೆಗೂ ಅವನು ಹೇಳಿದ್ದು ಹೇಳಿದ ಹಾಗಲ್ಲ."

"ಎರಡೆರಡು ಸಲ ಹೇಳಿದ್ರೆ ಕೆಲಸ ನಿಧಾನ ಆಗಲ್ವಾ?"

"ನಿಧಾನ ಆದ್ರೆ ಸಂಜೆ ಮನೆಗೆ ಬರ್ತೀನಿ. ಅವಸರ ಮಾಡಿದ್ರೆ ಬರಲ್ಲ, ಅಷ್ಟೇ."

ಇನ್ನೊಂದು ಪಾಠ ಗಾಳಿಯದು. ಬಿರುಗಾಳಿ ಬಂದರೆ ತೋಳು ತಿರುಗಿಸುವ ಬ್ರೇಕನ್ನು ಪೂರ್ತಿ ಬಿಟ್ಟುಬಿಡಬೇಕಂತೆ. ಬಿಟ್ಟರೆ ತೋಳು ಗಾಳಿ ಹೋದ ಕಡೆ ತಾನೂ ತಿರುಗಿಕೊಂಡು ಉಳಿಯುತ್ತದೆ, ಹಟ ಹಿಡಿದು ಬ್ರೇಕ್ ಹಾಕಿಟ್ಟರೆ ಇಡೀ ಗೋಪುರಕ್ಕೆ ಅಪಾಯ. "ಆದ್ರೆ ಅಷ್ಟಕ್ಕೆಲ್ಲ ಬಿಡಲ್ಲ ಅಕ್ಕ, ಮಳೆಗೆ ಮುಕ್ಕಾಲು ಗಂಟೆ ಮೊದಲೇ ನಮ್ಮ ಇಂಜಿನಿಯರ್ ಇಳಿಸ್ತಾನೆ. ನಿಮ್ಮ ಆಫೀಸಿಂದ ಫೋನಿಗೆ ಬರುತ್ತಲ್ಲ, ಅದನ್ನ ನೋಡ್ಕೊಂಡು" ಅನ್ನುತ್ತಿದ್ದ. ಅವಳು ತಟ್ಟೆ ನೋಡುತ್ತಿದ್ದಳು. ಅದು ತನ್ನ ಹನ್ನೆರಡಲ್ಲ, ಮೇಷ್ಟ್ರ ನಾಲ್ಕು ಎಂದು ತಮ್ಮನಿಗೆ ಯಾವತ್ತೂ ಹೇಳಿರಲಿಲ್ಲ.

ಕೊನೆಗೆ ಅವಳಿಗೆ ದಾರಿ ತೋರಿಸಿದ್ದೂ ಅವನೇ, ಅದೂ ಒಂದು ಭಾನುವಾರ ಬೆಳಗ್ಗೆ ಟೆರೇಸಿನಲ್ಲಿ ಬಟ್ಟೆ ಹಿಂಡುತ್ತ.

"ನಿನ್ನ ಮೋಡಕ್ಕೆ ತಾಳ್ಮೆ ಇಲ್ಲ ಅಂತೀಯಲ್ಲ, ನಾನು ನೋಡೋ ಮೋಡಕ್ಕೆ ಬೇಕಾದಷ್ಟಿದೆ. ಹತ್ತೂವರೆಗೆ ಸಣ್ಣ ಸಣ್ಣವು ಏಳ್ತವೆ. ನನ್ನ ಕ್ಯಾಬಿನ್ನಿಂದ ನೋಡಿದ್ರೆ ಎದುರಿಗೇ ಇದ್ದ ಹಾಗಿರುತ್ತೆ. ಒಂದಿಷ್ಟು ಮೇಲೆ ಹೋಗ್ತವೆ, ತಲೆ ಕರಗಿ ಹೋಗುತ್ತೆ. ಅದೇ ಜಾಗದಲ್ಲಿ ಇನ್ನೊಂದು. ಅದೂ ಕರಗುತ್ತೆ, ಆದ್ರೆ ಮೊದಲಿನದಕ್ಕಿಂತ ಸ್ವಲ್ಪ ಮೇಲೆ. ಹೀಗೇ ನಾಲ್ಕೈದು ಗಂಟೆ. ಮೊದಲು ಹೋದವು ಕರಗಿ ಕರಗಿ ದಾರಿ ಒದ್ದೆ ಮಾಡಿಟ್ಟಿರ್ತವೆ, ಹಿಂದೆ ಬಂದವಕ್ಕೆ ಹೋಗೋದು ಸಲೀಸು. ಮೂರೂವರೆಗೆ ಒಂದು ಹೋಗುತ್ತೆ ನೋಡು, ತಡೆಯೋರೇ ಇಲ್ಲ."

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ಕಾಲಮೇಲೆ ಸುರಿಯುತ್ತಿತ್ತು. ಮೊದಲಿನವು ಕರಗಿದ ದಾರಿ! ಅವಳ ಮಾಡೆಲ್ಲಿನ ಮೋಡಕ್ಕೆ ಮೊದಲು, ಹಿಂದೆ ಎನ್ನುವುದೇ ಇರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಅದು ಎಲ್ಲವನ್ನೂ ಮರೆತು ಹೊಸದಾಗಿ ಹುಟ್ಟುತ್ತಿತ್ತು. ಬೆಳಗಿನ ಮೋಡಕ್ಕೂ ಸಂಜೆಯ ಮೋಡಕ್ಕೂ ಬೆರಕೆಯ ಅಂಕಿ ಒಂದೇ, ಸಾಹೇಬರ ಆ ಸದ್ಯಕ್ಕೆ. ಸರಿಯಾದ ಅಂಕಿ ಯಾವುದೆಂದು ಇಷ್ಟು ವರ್ಷ ಹುಡುಕಿದ್ದಳು. ಬೇಕಾಗಿದ್ದದ್ದು ಬೇರೆ ಅಂಕಿಯಲ್ಲ, ಅಂಕಿಗೆ ಒಂದಿಷ್ಟು ನೆನಪು. ಹಿಂದೆ ಎಷ್ಟು ಮೋಡ ಎದ್ದು ಕರಗಿವೆ ಎಂದು ತಿಳಿದು ಹೊತ್ತಿನಿಂದ ಹೊತ್ತಿಗೆ ಬದಲಾಗುವ ಅಂಕಿ.

ಹೊಳೆದದ್ದು ಒಂದು ಬೆಳಗ್ಗೆ, ಮಾಡಿ ಮುಗಿಸಲು ಎರಡು ವರ್ಷ. ಹಳೆಯ ವರ್ಷಗಳ ಮಳೆಯನ್ನೆಲ್ಲ ಹೊಸ ಲೆಕ್ಕದಲ್ಲಿ ಮತ್ತೆ ಓಡಿಸಿ ನೋಡಿದಳು. ಮಳೆ ಹನ್ನೆರಡರಿಂದ ಒಂದಕ್ಕೆ ಸರಿಯಿತು, ಆಮೇಲೆ ಎರಡೂವರೆಗೆ. ಅಲ್ಲಿ ಆರು ತಿಂಗಳು ಮಿಸುಕಾಡದೆ ನಿಂತಿತು. ಒಂದು ಸಲ ಮೋಡಗಳಿಗೆ ನೆನಪು ಹೆಚ್ಚಾಗಿ ಮೂರು ದಿನ ಬಿಡದೆ ಮಳೆ ಹೊಯ್ದು, ಕಚೇರಿಯ ಮುಖ್ಯಸ್ಥರು ತಲೆಯ ಮೇಲೆ ಕೈ ಇಟ್ಟುಕೊಂಡರು. ಕಡೆಗೊಂದು ದಿನ ಮಳೆ ನಾಲ್ಕಕ್ಕೆ ಬಂತು. ಮರುದಿನದ ಲೆಕ್ಕದಲ್ಲೂ ನಾಲ್ಕಕ್ಕೆ. ಅವಳು ಬಾಗಿಲು ಹಾಕಿಕೊಂಡು ಅತ್ತಳು.

ಮುಖ್ಯಸ್ಥರು ಒಪ್ಪಿದರು. ಒಂದು ಗುರುವಾರ ಹೊಸ ಲೆಕ್ಕ ದಿನದ ಬಳಕೆಗೆ ಬಂತು. ಎಲ್ಲ ಮಹಡಿಗಳಿಗೂ ಹೋದ ಸುತ್ತೋಲೆಯನ್ನು ಮೋಡದಕ್ಕನೇ ಬರೆದಳು: "ಸಂವಹನ ಭಾಗದಲ್ಲಿ ಮಿಶ್ರಣ ಗುಣಾಂಕದ ಸ್ಥಿರ ನಿರೂಪಣೆಯ ಬದಲು ಸ್ಮೃತಿಯುತ ನಿರೂಪಣೆ ಜಾರಿಗೆ ಬಂದಿದೆ. ಸಂಬಂಧಪಟ್ಟವರು ಗಮನಿಸುವುದು." ಇಂಥದ್ದನ್ನು ಓದಿ ಗಮನಿಸುವವರು ಈ ಭೂಮಿಯ ಮೇಲೆ ಯಾರಿದ್ದಾರೆ? ಮೇಷ್ಟ್ರು ಅದರ ಬೆನ್ನಿಗೆ ಮನೆಯ ಸಾಮಾನಿನ ಪಟ್ಟಿ ಬರೆದುಕೊಂಡರು.

ಅವರು ಅದನ್ನು ಓದಿರಲಾರರು ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ, ಹೇಳಿಬಿಡುತ್ತೇನೆ. ಕೆಳಗಿಳಿದು ಹೋಗಿ "ಮೇಷ್ಟ್ರೇ, ಇನ್ನು ನನ್ನ ಮಳೆ ಹನ್ನೆರಡಕ್ಕೆ ಬರಲ್ಲ, ನಿಮ್ಮ ನಾಲ್ಕನ್ನು ತೆಗೀರಿ" ಅನ್ನಬೇಕೆಂದು ಅವಳಿಗೆ ಎರಡು ಸಲ ಅನ್ನಿಸಿತ್ತು. ಒಂದು ಸಲ ಮೊದಲ ಮಹಡಿಯವರೆಗೆ ಇಳಿದೂ ಇದ್ದಳು. ಅಷ್ಟರಲ್ಲಿ ಕೆಳಗಿನಿಂದ ಮೇಷ್ಟ್ರ ನಗು ಕೇಳಿಸಿತು. ಯಾರ ಮೇಲೋ ಏನೋ, ಅವಳಿಗೆ ತನ್ನ ಮೇಲೆಯೇ ಅನ್ನಿಸಿತು. ಮೇಷ್ಟ್ರು ತಾವೇ ನೋಡಿ ಬೆಚ್ಚಿ ಮೇಲೆ ಬರಲಿ, ಬಂದು ಕೇಳಲಿ, ಆ ಮುಖವನ್ನೊಮ್ಮೆ ಕಣ್ತುಂಬ ನೋಡಬೇಕು ಎಂದುಕೊಂಡು ವಾಪಸು ಹತ್ತಿದಳು. ಅಷ್ಟು ವರ್ಷದ ಚುಚ್ಚುಮಾತಿಗೆ ಇಷ್ಟೂ ಆಸೆಪಡಬಾರದೆ ಎಂದು ನಾವೂ ಅವಳ ಪರ ವಹಿಸಬಹುದು. ಆದರೆ ಆ ನಾಲ್ಕು ಗಂಟೆ ಎಲ್ಲಿಗೆ ಹೋಗಿ ತಲುಪುತ್ತದೆ ಎನ್ನುವುದು ಅವಳ ತಲೆಗೆ ಬರಲಿಲ್ಲ. ಕ್ರೇನು ಕಿಟಕಿಯಲ್ಲೇ ಕಾಣುತ್ತಿತ್ತು, ಆದರೂ ಬರಲಿಲ್ಲ.

ಐದು ದಿನ ಮಳೆಯೇ ಇಲ್ಲ. ಹೊಸ ಲೆಕ್ಕವೂ ಇಲ್ಲವೆಂದಿತು, ಆಕಾಶವೂ ಇಲ್ಲವೆಂದಿತು. ಯಾರಿಗೂ ಏನೂ ತಿಳಿಯಲಿಲ್ಲ. ಆರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಅವಳು ಬಂದು ನೋಡಿದರೆ, ಊರಿನ ಚೌಕದಲ್ಲಿ ನಾಲ್ಕು ಗಂಟೆಗೆ ಗುಡುಗುಮಳೆ, ಜೋರು ಗಾಳಿ. ಅವಳ ಮುಖ ಊರಗಲವಾಯಿತು. ಹತ್ತೂವರೆಗೆ ಸಣ್ಣ ಮೋಡಗಳು ಎದ್ದವು, ಕರಗಿದವು. ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ. ಎರಡಕ್ಕೆ ಮೋಡದ ತಲೆಗಳು ಎತ್ತರವಾದವು. ಮೂರೂವರೆಗೆ ಬಡಗಣ ದಿಕ್ಕಿನಲ್ಲಿ ಒಂದು ಎದ್ದಿತು, ತಮ್ಮ ಹೇಳಿದಂತೆಯೇ, ತಡೆಯುವವರಿಲ್ಲದೆ. ಬುಡ ಕಪ್ಪಾಗತೊಡಗಿತು. ಮೂರೂ ನಲವತ್ತಕ್ಕೆ ಅವಳು ಸೆರಗು ಸರಿಮಾಡಿಕೊಂಡು ಕೆಳಗಿಳಿದಳು. ಮೇಷ್ಟ್ರು ಮೇಲೆ ಬರುವವರೆಗೆ ಕಾಯಲು ಅವಳಿಂದ ಆಗಲಿಲ್ಲ.

ಮೇಷ್ಟ್ರು ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ಅವಳನ್ನು ಕಂಡು ಲೋಟ ಕೆಳಗಿಟ್ಟರು.

"ಅರೆ! ಮೋಡದಕ್ಕ ಕೆಳಗೆ ಬಂದ್ರಾ! ಏನಿವತ್ತು?"

"ಮಳೆ ಬರ್ತಾ ಇದೆ, ನೋಡಿದ್ರಾ?" ಎಂದಳು. ದನಿಯಲ್ಲಿ ಜಂಬ ಅಡಗಿಸಿದರೂ ಅಡಗಲಿಲ್ಲ.

"ಎಂಟಕ್ಕಲ್ವಾ? ಬರಲಿ ಬಿಡಿ, ಅಷ್ಟು ಹೊತ್ತಿಗೆ ಮನೇಲಿರ್ತೀವಿ."

"ಎಂಟಾ?"

"ಎಂಟು ಅಂತಾನೇ ಹೋಗಿರೋದು. ಬೆಳಗ್ಗೆ ನನಗೂ ಇದೇನಪ್ಪಾ, ಈ ಕಾಲದಲ್ಲಿ ಎಂಟಕ್ಕೆ ಅಂತ ಅನ್ನಿಸ್ತು. ಆಮೇಲೆ, ಮೋಡದಕ್ಕನ ಲೆಕ್ಕ ತಪ್ಪೋದೇನೋ ನಿಜ, ಆದ್ರೆ ತಪ್ಪಿದ್ರೂ ಯಾವಾಗಲೂ ಒಂದೇ ಥರ ತಪ್ಪುತ್ತೆ, ಅಷ್ಟು ನಂಬಿಕಸ್ಥ ಲೆಕ್ಕ ಇನ್ನೊಂದಿಲ್ಲ, ಇವತ್ತು ಬೇರೆ ಜಾತಿ ಮಳೆ ಇರ್ಬೇಕು ಅಂದ್ಕೊಂಡೆ."

ನಾಲ್ಕಕ್ಕೆ ನಾಲ್ಕು ಸೇರಿ ಎಂಟು. ಒಂದನೇ ತರಗತಿಯ ಮಗು ಮಾಡುವ ಲೆಕ್ಕ. ಮೇಷ್ಟ್ರಿಗೂ ಅವಳ ಮುಖ ನೋಡುತ್ತಲೇ ಅರ್ಥವಾಯಿತು. ಅವರ ಕೈ ಆಗಲೇ ಕೀಲಿಮಣೆಯ ಮೇಲಿತ್ತು. "ಇಪ್ಪತ್ತು ನಿಮಿಷದೊಳಗೆ ಗುಡುಗು, ಬಿರುಗಾಳಿ" ಎಂದು ಎಚ್ಚರಿಕೆ ಹೊಡೆಯುತ್ತ, ಅವಸರದಲ್ಲಿ ಒಂದೇ ಪದವನ್ನು ಮೂರು ಸಲ ಹೊಡೆದರು.

"ನನ್ನ ತಮ್ಮ ಕ್ರೇನಿನ ಮೇಲಿದಾನೆ" ಎಂದಳು ಅವಳು.

ಅವನ ಫೋನು ಕೆಳಗಿನ ಪೆಟ್ಟಿಗೆಯಲ್ಲಿರುತ್ತದೆ, ಮೇಲೆ ಒಯ್ಯುವಂತಿಲ್ಲ. ಇಂಜಿನಿಯರ್ ನಂಬರು ಅವಳಲ್ಲಿರಲಿಲ್ಲ. ಮೇಷ್ಟ್ರ ಎಚ್ಚರಿಕೆ ಆ ಇಂಜಿನಿಯರ್ ಫೋನಿಗೆ ಹೋಗಿ, ಅವನು ಅದನ್ನು ನೋಡಿ, ವಾಕಿಟಾಕಿಯಲ್ಲಿ ಹೇಳಿದರೂ, ಅಷ್ಟೆತ್ತರದ ಏಣಿ ಇಳಿಯಲು ತಮ್ಮನಿಗೆ ಹದಿನೈದು ನಿಮಿಷ ಬೇಕು. ಏಣಿಯ ನಡುವೆ ಗಾಳಿ ಸಿಕ್ಕರೆ? ಅವಳು ಓಡಿದಳು. ಐವತ್ತೊಂದು ವರ್ಷದ ಹೆಂಗಸು, ಸೀರೆಯನ್ನು ಎತ್ತಿ ಹಿಡಿದು, ಅಂಗಡಿ ಬೀದಿಯ ನಡುವೆ ಜನರನ್ನು ತಳ್ಳಿಕೊಂಡು ಓಡಿದಳು. ಬಿಸಿಲು ಆರಿತು. ತಣ್ಣನೆಯ ಗಾಳಿ ಒಮ್ಮೆಲೇ ಮುಖಕ್ಕೆ ಬಡಿಯಿತು. ದೂರದಲ್ಲಿ ಮಳೆ ಬಿದ್ದಾಗ ಕೆಳಗೆ ನುಗ್ಗಿ ನೆಲದ ಮೇಲೆ ಹರಡುವ ಗಾಳಿ ಅದು. ಅದು ಹೇಗೆ ಹುಟ್ಟುತ್ತದೆ, ಎಷ್ಟು ವೇಗವಾಗಿ ಬರುತ್ತದೆ ಎಂದು ಅವಳು ಕಾಗದದ ಮೇಲೆ ಸಾವಿರ ಸಲ ಬರೆದಿದ್ದಳು. ಅಂಗಡಿಗಳ ಬೋರ್ಡು, ತಗಡು, ಪ್ಲಾಸ್ಟಿಕ್ ಕುರ್ಚಿ ಎಲ್ಲ ಹಾರಿದವು. ತಲೆಯೆತ್ತಿ ನೋಡಿದರೆ ಕಟ್ಟಡಗಳ ಮೇಲೆ ಹಳದಿ ತೋಳು ಗಕ್ಕನೆ ಒಂದು ಕಡೆಗೆ ವಾಲಿದಂತೆ ತಿರುಗಿತು.

ಮರುಕ್ಷಣ ಅವಳಿಗೆ ಊಟಕ್ಕೆ ಕೂತಾಗಿನ ಪಾಠ ನೆನಪಾಯಿತು. ತೋಳು ತಿರುಗುತ್ತಿದೆ ಎಂದರೆ ಬ್ರೇಕ್ ಬಿಟ್ಟಿದ್ದಾನೆ. ಬಿಟ್ಟಿದ್ದಾನೆ ಎಂದರೆ ಬಿಡುವ ಕೈ ಇನ್ನೂ ಇದೆ. ತಿರುಗಲಿ, ತಿರುಗಲಿ, ತಿರುಗಲಿ ಎಂದು ಗಟ್ಟಿಯಾಗಿ ಅನ್ನುತ್ತಲೇ ಓಡಿದಳು. ದಾರಿಯಲ್ಲಿದ್ದವರು ಇವಳಿಗೆ ತಲೆ ತಿರುಗಿದೆ ಎಂದುಕೊಂಡಿರಬೇಕು. ಆಮೇಲೆ ಮಳೆಯ ಪರದೆ ಬಿದ್ದು ತೋಳು ಕಾಣದಾಯಿತು.

ಗೇಟಿನ ಹೊರಗೆ ಅರ್ಧ ಗಂಟೆ ನಿಂತಳು. ಒಳಗೆ ಬಿಡಲಿಲ್ಲ. ಮರದ ಹಲಗೆಗಳ ಒಂದು ರಾಶಿ ಹಾರಿ ಬೇಲಿಯ ಮೇಲೆ ಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ಲವಂತೆ, ದೊಡ್ಡ ಪುಣ್ಯ. ಗಾಳಿ ನಿಂತಿತು, ಮಳೆ ಸಣ್ಣಗಾಯಿತು. ಐದು ಗಂಟೆಯ ಹೊತ್ತಿಗೆ ಏಣಿಯ ಮೇಲೆ ಒಂದು ಚುಕ್ಕೆ ಇಳಿಯುವುದು ಕಂಡಿತು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿಯುತ್ತಿತ್ತು.

ತಮ್ಮ ಗೇಟಿಗೆ ಬಂದಾಗ ಅವನ ಬೆರಳುಗಳು ಇನ್ನೂ ಹಿಡಿಕೆ ಹಿಡಿದಂತೆಯೇ ಮಡಚಿಕೊಂಡಿದ್ದವು. ಬಿಚ್ಚಲು ಆಗುತ್ತಿರಲಿಲ್ಲ. ಅವಳು ಅವನ್ನು ತನ್ನ ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಉಜ್ಜಿದಳು, ಅವನು ಏಳು ವರ್ಷದವನಿದ್ದಾಗ ಚಳಿಗೆ ಉಜ್ಜುತ್ತಿದ್ದ ಹಾಗೆ.

"ಮೂರೂವರೆ ಸುತ್ತು ಅಕ್ಕ" ಎಂದ. ಹಲ್ಲು ಕಟಕಟ ಅನ್ನುತ್ತಿತ್ತು. "ಇಡೀ ಊರು ನನ್ನ ಸುತ್ತ ಮೂರೂವರೆ ಸಲ ತಿರುಗ್ತು." ಆಮೇಲೆ ಕೇಳಿದ, "ಮೋಡ ನೋಡಿ ಇಳೀಲಾ ಅಂದೆ, ಇಂಜಿನಿಯರ್ ಎಂಟಕ್ಕೆ ಬಿಡು ಅಂದ. ನಿಮ್ಮ ಆಫೀಸಿನೋರು ಎಂಟಕ್ಕೆ ಅಂದಿದ್ರಲ್ಲ?"

"ನಾನು ನಾಲ್ಕಕ್ಕೆ ಅಂದಿದ್ದೆ ಕಣೋ. ಮೊದಲನೇ ಸಲ ಸರಿಯಾಗಿ ಬಂದಿತ್ತು. ನಾಲ್ಕಕ್ಕೇ ಅಂದಿದ್ದೆ."

ಅವನು ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ.

"ಯಾರಿಗೆ ಅಂದಿದ್ದೆ?"

ಸುತ್ತೋಲೆಗೆ ಅಂದಿದ್ದಳು. ಕಂಪ್ಯೂಟರಿಗೆ ಅಂದಿದ್ದಳು. ತನ್ನ ಇಪ್ಪತ್ತಾರು ವರ್ಷಕ್ಕೆ, ತನ್ನ ಹಟಕ್ಕೆ ಅಂದುಕೊಂಡಿದ್ದಳು. ತಲೆ ತಗ್ಗಿಸಿ ಇವನ ಕೈಗಳನ್ನು ಮತ್ತೆ ಉಜ್ಜತೊಡಗಿದಳು. ಅಷ್ಟು ನಾಚಿಕೆ ಅವಳಿಗೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಐದೂಮುಕ್ಕಾಲಿಗೆ ಅವಳು ಕಚೇರಿಯ ಕೆಳಗಿನ ಮಹಡಿಯಲ್ಲಿದ್ದಳು. ಮೇಷ್ಟ್ರು ಅದಕ್ಕೂ ಮೊದಲೇ ಬಂದಿದ್ದರು. ಕಣ್ಣು ನೋಡಿದರೆ ನಿದ್ದೆ ಮಾಡಿದವರಂತಿರಲಿಲ್ಲ.

"ತಮ್ಮ ಹೇಗಿದಾನೆ?"

"ಮಲಗಿದಾನೆ. ಕೈ ಬಿಚ್ಚಿತು."

"ನಾನು ಆ ಎಂಟನ್ನ ಬಿಡಬಾರದಿತ್ತು" ಎಂದರು ಮೇಷ್ಟ್ರು. "ಕಣ್ಣಿಗೆ ಕಂಡಿತ್ತು. ಒಂದು ಸಲ ಮೇಲೆ ಹತ್ತಿ ಬಂದು ಕೇಳಿದ್ರೆ ಆಗ್ತಿತ್ತು. ಛತ್ರಿ ಗಿತ್ರಿ ಅಂತ ಇಷ್ಟು ವರ್ಷ ತಮಾಷೆ ಮಾಡಿ, ಈಗ ಯಾವ ಮುಖ ಇಟ್ಕೊಂಡು ಹತ್ತೋದು ಅನ್ನಿಸ್ತು."

"ನಾನೂ ಅರ್ಧ ಇಳಿದು ವಾಪಸ್ ಹೋದೆ ಮೇಷ್ಟ್ರೇ."

ಮೇಷ್ಟ್ರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಆ ತಿದ್ದುಪಡಿಯನ್ನು ಅವರು ಇನ್ನೂ ತೆಗೆದಿರಲಿಲ್ಲ. "ನೀವೇ ತೆಗೀರಿ, ನನಗೆ ಕೈ ಬರ್ತಿಲ್ಲ" ಎಂದರು. ಹದಿಮೂರು ವರ್ಷದ ಹಿಂದಿನ ತಾರೀಖು, ಮುಂದೆ ನಾಲ್ಕು ಎಂಬ ಅಂಕಿ, ಅದರ ಪಕ್ಕದಲ್ಲಿ ಯಾರಾದರೂ ಓದಿದರೆ ತಿಳಿಯಲೆಂದು ಅವರು ಬರೆದಿಟ್ಟ ಒಂದು ಪದ: ಸದ್ಯಕ್ಕೆ.

ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಮೇಷ್ಟ್ರಿಗೆ ಏನೆಂದು ತಿಳಿಯದಿದ್ದರೂ ಅವರೂ ಕಣ್ಣೊರೆಸಿಕೊಂಡರು. ಅವಳು ನಾಲ್ಕನ್ನು ಅಳಿಸಿದಳು, ಪದವನ್ನೂ ಅಳಿಸಿದಳು.

ಹತ್ತು ದಿನದ ಮೇಲೆ ತಮ್ಮ ಮತ್ತೆ ಏಣಿ ಹತ್ತಿದ. ಹತ್ತಬೇಡವೆಂದು ಅವಳು ಹೇಳಲಿಲ್ಲ. ಹೇಳಿದ್ದರೆ ಅವನು ಕೇಳುತ್ತಲೂ ಇರಲಿಲ್ಲ. ಆದರೆ ಅಂದಿನಿಂದ ಅವಳು ಆರಕ್ಕೆ ಕಾಲು ಗಂಟೆ ಇರುವಾಗಲೇ ಕಚೇರಿಗೆ ಬರುತ್ತಾಳೆ. ಮೂರನೇ ಮಹಡಿಗೆ ಹತ್ತಿ, ಮಾಡೆಲ್ಲು ಕೊಟ್ಟದ್ದನ್ನು ನೋಡಿ, ಮತ್ತೆ ಕೆಳಗಿಳಿಯುತ್ತಾಳೆ. ಚೀಟಿ ಇಲ್ಲ, ಸುತ್ತೋಲೆ ಇಲ್ಲ. ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟು ಕಾಯುತ್ತಾರೆ. ಅವಳ ಮಳೆ ಈಗಲೂ ಕೆಲವು ದಿನ ತಪ್ಪುತ್ತದೆ, ಒಂದು ದಿನ ಸ್ವಲ್ಪ ಬೇಗ, ಒಂದು ದಿನ ಸ್ವಲ್ಪ ತಡ. ಆ ಚೌಕದೊಳಗೆ ಏನೇನು ಏಳುತ್ತದೆ, ಎಲ್ಲಿ ಸುಳಿ ಸುತ್ತುತ್ತದೆ ಎಂದು ಪೂರ್ತಿ ಕಂಡವರು ಯಾರೂ ಇಲ್ಲ. ಎಷ್ಟು ನಂಬಬಹುದು ಎನ್ನುವುದನ್ನೂ ಈಗ ಅವಳು ಬಾಯಿಬಿಟ್ಟು ಹೇಳುತ್ತಾಳೆ.

"ಇವತ್ತು ನಾಲ್ಕೂವರೆ" ಎಂದಳು ಮೊನ್ನೆ. "ಅರ್ಧ ಗಂಟೆ ಆಚೀಚೆ."

ಹೇಳಿ ಅವಳು ಹೊರಡಲಿಲ್ಲ. ಮೇಜಿನ ಮುಂದೆ ನಿಂತೇ ಇದ್ದಳು.

"ನಾಲ್ಕೂವರೆ" ಎಂದರು ಮೇಷ್ಟ್ರು. "ಅರ್ಧ ಗಂಟೆ ಆಚೀಚೆ."